ಮಾವನವರ ಕಾರಿಗೆ ನೈಟ್ರಸ್

ನನ್ನ ಕೈಗೊಂದು ಚಟ ಅಂಟಿಕೊಂಡಿದೆ. ಯಾರಾದರೂ ಕೋಣೆಯಿಂದ ಹೊರಗೆ ಬಂದರೆ ಸಾಕು, ಅದು ತಾನಾಗಿಯೇ ಗೋಡೆಯತ್ತ ಹೋಗಿ ಫ್ಯಾನು ಆರಿಸಿ ಬರುತ್ತದೆ. ಮೊನ್ನೆ ಮಗಳು ಸ್ನಾನಕ್ಕೆ ಹೋದಾಗ ಗೀಸರ್ ಆರಿಸಿಬಿಟ್ಟೆ. ಅವಳು ಹಲ್ಲು ಕಟಕಟಿಸುತ್ತ ಹೊರಬಂದು, "ಅಪ್ಪಾ, ನೀನು ಥೇಟ್ ತಾತನೇ ಆಗ್ಬಿಟ್ಟೆ" ಎಂದಳು. ನನ್ನ ಹೆಂಡತಿ ವೀಣಾ ಅಡುಗೆಮನೆಯಿಂದಲೇ, "ತಾತ ಆರಿಸಿ ಸುಮ್ನಾಗ್ತಿದ್ರು ಕಣೇ. ನಿಮ್ಮಪ್ಪ ಆರಿಸಿದ್ದು ಸರಿಯಾಗಿ ಆರಿದೆಯಾ ಅಂತ ಇನ್ನೊಂದ್ಸಲ ಹೋಗಿ ನೋಡ್ಕೊಂಡು ಬರ್ತಾರೆ" ಎಂದು ಒಗ್ಗರಣೆ ಹಾಕಿದಳು.

ತಾತ ಎಂದರೆ ವೀಣಾಳ ಅಪ್ಪ, ನನ್ನ ಮಾವ ಶಿವಲಿಂಗಪ್ಪನವರು. ಅವರಿಗೂ ನನಗೂ ರಕ್ತಸಂಬಂಧವಿಲ್ಲ. ಆದರೂ ಅವರ ಗುಣ ನನಗೆ ಬಂದಿದೆ ಎಂದರೆ ಮಗಳ ಜೊತೆಗೆ ಇದನ್ನೂ ನನಗೆ ಧಾರೆ ಎರೆದಿರಬೇಕು. ಅವರು ದಾವಣಗೆರೆಯಲ್ಲಿ ಕರೆಂಟ್ ಡಿಪಾರ್ಟ್‌ಮೆಂಟಿನಲ್ಲಿದ್ದು ನಿವೃತ್ತರಾದವರು. ಊರಿನ ಕರೆಂಟೆಲ್ಲ ತಮ್ಮ ಜೇಬಿನಿಂದಲೇ ಹರಿದು ಹೋಗುತ್ತಿದೆ ಎಂಬಂತೆ ಬದುಕಿದವರು. ಪೀಣ್ಯದಲ್ಲಿ ಮೇಲ್ಸೇತುವೆಯ ಕಂಬಗಳು ಒಂದೊಂದಾಗಿ ಏಳುತ್ತಿದ್ದ ಕಾಲದಲ್ಲಿ ನಮ್ಮ ಜೊತೆ ಇರಲೆಂದು ಬಂದರು. ಬರುವಾಗ ತಮ್ಮ ಬಿಳಿ ಕಾರನ್ನೂ ತಂದರು. ಆ ಕಾರಿಗೆ ನಾನು ಅವರ ಕಣ್ಣು ತಪ್ಪಿಸಿ, ರೇಸಿನವರು ಓಟ ಹೆಚ್ಚಿಸಲು ಹಾಕಿಸುವ ನೈಟ್ರಸ್ ಕೂಡಿಸಿದೆ. ಸಾರಿಗೆ ಇಲಾಖೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಗಾಬರಿಯಾಗುವುದು ಬೇಡ, ಆ ಕಾರು ಗುಜರಿ ಸೇರಿ ಎಷ್ಟೋ ಕಾಲವಾಯಿತು.

ಕಾರಿನ ವಿಷಯ ಸ್ವಲ್ಪ ಹೇಳಲೇಬೇಕು. ಅದು ಕಾರ್ಬ್ಯುರೇಟರ್ ಇದ್ದ ಹಳೆಯ ಕಾಲದ ಗಾಡಿ. ಮಾವನವರು ಅದಕ್ಕೆ ಗ್ಯಾಸ್ ಕಿಟ್ ಹಾಕಿಸಿದ್ದರು. ಡಿಕ್ಕಿಯಲ್ಲಿ ದೊಡ್ಡ ಸಿಲಿಂಡರು, ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ಸ್ವಿಚ್ಚು. ಒಂದು ಕಡೆ ಒತ್ತಿದರೆ ಪೆಟ್ರೋಲು, ಕೆಂಪು ದೀಪ. ಇನ್ನೊಂದು ಕಡೆ ಒತ್ತಿದರೆ ಗ್ಯಾಸು, ಹಸಿರು ದೀಪ. ನಡುವೆ ನಿಲ್ಲಿಸಿದರೆ ಎರಡೂ ಇಲ್ಲ. ಬೆಳಿಗ್ಗೆ ಕಾರನ್ನು ಪೆಟ್ರೋಲಿನಲ್ಲಿ ಎಬ್ಬಿಸಬೇಕು. ಎಂಜಿನ್ ಬಿಸಿಯಾದ ಮೇಲೆ ಸ್ವಿಚ್ಚನ್ನು ನಡುವೆ ತರಬೇಕು. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಮುಗಿಯುತ್ತ ಬಂದಾಗ ಕಾರು ಒಮ್ಮೆ ಬಿಕ್ಕಳಿಸುತ್ತದೆ. ಆಗ ತಡಮಾಡದೆ ಗ್ಯಾಸಿಗೆ ಹಾಕಬೇಕು. ಮಾವನವರು ಈ ಬಿಕ್ಕಳಿಕೆಯನ್ನು ಕಾಯುತ್ತಿದ್ದ ಏಕಾಗ್ರತೆಯಲ್ಲಿ ಬೇರೆ ಯಾರಾದರೂ ಕೂತಿದ್ದರೆ ಅವರಿಗೆ ಸಮಾಧಿ ಸ್ಥಿತಿಯೇ ಸಿಗುತ್ತಿತ್ತು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಸ್ಟೇರಿಂಗನ್ನು ನನಗೆ ಬಿಟ್ಟುಕೊಟ್ಟರು. ಸ್ವಿಚ್ಚನ್ನು ಬಿಟ್ಟುಕೊಡಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು, ದಾಸರಹಳ್ಳಿ ದಾಟುವ ಹೊತ್ತಿಗೆ ಎಡಗೈಯಲ್ಲಿ ಕರ್ಚೀಫು ಹಿಡಿದುಕೊಂಡೇ ಬಲಗೈಯಿಂದ ತಮ್ಮ ಕೆಲಸ ಮುಗಿಸಿಬಿಡುತ್ತಿದ್ದರು. ಮಾತು ನಿಲ್ಲುತ್ತಿರಲಿಲ್ಲ, ಕಣ್ಣು ರಸ್ತೆಯ ಮೇಲೆಯೇ ಇರುತ್ತಿತ್ತು.

ಈಗ ನನ್ನ ಷಡ್ಡಕನ ಪ್ರವೇಶ. ವೀಣಾಳ ತಂಗಿಯ ಗಂಡ ರವಿಕಿರಣ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ. ಪಟ್ಟಂದೂರು ಅಗ್ರಹಾರದ ಹತ್ತಿರ ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಮನೆ. ಒಳ್ಳೆಯ ಹುಡುಗ. ಅದೇ ತೊಂದರೆ. ಅವನಲ್ಲಿ ಬೈಯುವಂಥದ್ದು ಏನೂ ಇರಲಿಲ್ಲ. ಮಾವನವರು ನಮ್ಮ ಮನೆಯಲ್ಲಿ ಊಟ ಮಾಡುತ್ತ ಅವನ ಗುಣಗಾನ ಮಾಡುತ್ತಿದ್ದರು. ರವಿಯವರು ಕಾರು ಎಷ್ಟು ನೇರಕ್ಕೆ ನಿಲ್ಲಿಸ್ತಾರೆ, ರವಿಯವರು ಫೋನಿನಲ್ಲಿ ಎಷ್ಟು ಮೆತ್ತಗೆ ಮಾತಾಡ್ತಾರೆ. ನಾನು ಕಾರನ್ನು ಓರೆಯಾಗಿ ನಿಲ್ಲಿಸುವವನು, ಪೀಣ್ಯದ ಮೆಷಿನ್ನುಗಳ ಸದ್ದಿನಲ್ಲಿ ದುಡಿದು ಗಂಟಲು ದೊಡ್ಡದು ಮಾಡಿಕೊಂಡವನು. ಸುಮ್ಮನೆ ಸಾರು ಹಾಕಿಸಿಕೊಳ್ಳುತ್ತಿದ್ದೆ.

ಒಂದು ಯುಗಾದಿಗೆ ರವಿ ತನ್ನ ಹೊಸ ಕಾರಿನಲ್ಲಿ ಬಂದ. ನಮ್ಮ ಬಿಳಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಣ್ಣ, ಫ್ಲೈಓವರ್ ಓಪನ್ ಆದ್ಮೇಲೆ ಇದು ಹತ್ತುತ್ತಾ, ಇಲ್ಲ ನಾವೆಲ್ಲ ಇಳಿದು ತಳ್ಬೇಕಾ?" ಎಂದ. ತಮಾಷೆಯ ಮಾತು, ನಾನೂ ನಕ್ಕೆ. ಆದರೆ ಮಾವನವರು ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು. ಕಾರು ಅವರದೇ. ಆದರೂ ನಗೆಗೆ ಗುರಿಯಾದವನು ನಾನು ಎಂದು ನನಗೆ ಅನಿಸಿಬಿಟ್ಟಿತು. ಹಿರಿಯ ಅಳಿಯನಾಗಿ ಒಮ್ಮೆಯಾದರೂ, ಒಂದೇ ಒಂದು ಸಲ, ಆ ಮನುಷ್ಯನ ಕಣ್ಣೆದುರಿಗೆ ರವಿಗಿಂತ ಮುಂದಿರಬೇಕು ಎಂಬ ಆಸೆ ಅವತ್ತು ಹುಟ್ಟಿತು. ವಯಸ್ಸಾದ ಗಂಡಸರ ಆಸೆಗಳು ಹೀಗೆಯೇ ಇರುತ್ತವೆ, ಹೊರಗೆ ಹೇಳಿಕೊಳ್ಳುವಂತಿರುವುದಿಲ್ಲ.

ಇಂಥ ಆಸೆ ಇದ್ದವನಿಗೆ ದಾರಿ ತೋರಿಸುವವರು ಸಿಕ್ಕೇ ಸಿಗುತ್ತಾರೆ. ನಮ್ಮ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅಲ್ತಾಫ್ ಎಂಬವನ ಗ್ಯಾರೇಜಿತ್ತು. ಅಲ್ತಾಫನಿಗೆ ಆಗುವುದಿಲ್ಲ ಎಂಬ ಪದವೇ ಗೊತ್ತಿರಲಿಲ್ಲ. ಆಗದಿದ್ದ ಮೇಲೂ ಹೇಳುತ್ತಿರಲಿಲ್ಲ. ಯಾರೋ ಹೊರದೇಶದಿಂದ ತಂದು, ಬಳಸಿ, ಬೇಸತ್ತು ಬಿಟ್ಟುಹೋಗಿದ್ದ ನೈಟ್ರಸ್ ಕಿಟ್ಟೊಂದು ಅವನ ಬಳಿ ಧೂಳು ತಿನ್ನುತ್ತಿತ್ತು.

"ಸಾರ್, ನೀವು ಟೆನ್ಷನ್ ತಗೋಬೇಡಿ. ಹಿಂದೆ ಬಾಟಲ್ ಕಟ್ತೀನಿ, ಗೇರ್ ಮೇಲೆ ಬಟನ್ ಕೊಡ್ತೀನಿ. ಒತ್ತಿದ್ರೆ ಗಾಡಿ ಮಕ್ಕನ್ ತರ ಹೋಗುತ್ತೆ."

"ಪೆಟ್ರೋಲ್?" ಎಂದೆ.

"ಪೆಟ್ರೋಲ್ ಏನು ಸಾರ್, ಬಂಕಲ್ಲಿ ಸಿಗುತ್ತೆ."

ಇಲ್ಲಿ ನಾನು ಸ್ವಲ್ಪ ಎದೆಯುಬ್ಬಿಸುವುದಕ್ಕೆ ಅನುಮತಿ ಕೊಡಿ. ನೈಟ್ರಸ್ ಎಂದರೆ ಏನೋ ಭಯಂಕರವಾಗಿ ಉರಿಯುವ ಅನಿಲ ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಉರಿಯುವುದೇ ಇಲ್ಲ. ಎಂಜಿನ್ನಿನ ಒಳಗಿನ ಬಿಸಿಗೆ ಅದು ಒಡೆದು ಆಮ್ಲಜನಕ ಬಿಟ್ಟುಕೊಡುತ್ತದೆ, ಅಷ್ಟೆ. ಉರಿಯಬೇಕಾದದ್ದು ಪೆಟ್ರೋಲು. ಆಮ್ಲಜನಕ ಹೆಚ್ಚಾದರೆ ಅದಕ್ಕೆ ತಕ್ಕಂತೆ ಪೆಟ್ರೋಲೂ ಹೆಚ್ಚಬೇಕು. ಹೆಚ್ಚಲಿಲ್ಲವೋ, ಒಳಗಿನ ಬಿಸಿ ಹದ ತಪ್ಪಿ ಪಿಸ್ಟನ್ನೇ ಕರಗುತ್ತದೆ. ಆದ್ದರಿಂದ ನೈಟ್ರಸ್ ಹಾಕುವವನು ಬಾಟಲಿಯ ಬಗ್ಗೆ ಯೋಚಿಸುವುದು ಕಡಿಮೆ ಇರಬೇಕು, ಪೆಟ್ರೋಲಿನ ಬಗ್ಗೆ ಹೆಚ್ಚಿರಬೇಕು.

ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ನಾನು ಬೆಳೆದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮಗ್ಗುಲಲ್ಲಿ. ಶಾಲೆ ಬಿಟ್ಟ ಕೂಡಲೇ ನಾವು ಹುಡುಗರು ಒಂದು ಭಟ್ಟಿಗೆ ನುಗ್ಗುತ್ತಿದ್ದೆವು. ಅಲ್ಲಿ ಒಲೆಗೆ ಗಾಳಿ ಊದುವ ಕೈಫ್ಯಾನೊಂದಿತ್ತು. ಒಬ್ಬರು ಹೊಟ್ಟು ಹಾಕುತ್ತಿರಬೇಕು, ಇನ್ನೊಬ್ಬರು ಫ್ಯಾನು ತಿರುಗಿಸುತ್ತಿರಬೇಕು. ಬಾಣಲೆಯ ಬಿಸಿ ಮರಳಿನಲ್ಲಿ ಅಕ್ಕಿ ಬಿದ್ದು ಪಟಪಟನೆ ಅರಳುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮೈಗೆಲ್ಲ ಮಸಿ, ಮೂಗಿನ ತುಂಬ ಹೊಗೆ, ಜೇಬಿನ ತುಂಬ ಬಿಸಿ ಮಂಡಕ್ಕಿ. ಒಂದು ದಿನ ಭಟ್ಟಿಯ ಅಜ್ಜ ಚಾ ಕುಡಿಯಲು ಹೊರಗೆ ಹೋಗಿದ್ದಾಗ, ಗಾಳಿ ಹೆಚ್ಚು ಕೊಟ್ಟರೆ ಮಂಡಕ್ಕಿ ಬೇಗ ಆಗುತ್ತದೆಂದು ನಾವು ಫ್ಯಾನನ್ನು ಜೋರಾಗಿ ತಿರುಗಿಸಿದೆವು. ಹೊಟ್ಟು ಹಾಕುವುದು ಯಾರಿಗೂ ನೆನಪಾಗಲಿಲ್ಲ. ಒಲೆಯ ಒಂದು ಮೂಲೆಯಲ್ಲಿ ಬೆಂಕಿ ಬೆಳ್ಳಗೆ ಉರಿದು ಬಾಣಲೆಯ ತಳ ಕೆಂಪಾಯಿತು, ಮಂಡಕ್ಕಿ ಕರ್ರಗಾಯಿತು. ಅಜ್ಜ ಬಂದು ನಮ್ಮ ಕಿವಿ ಹಿಂಡಿ, "ಗಾಳಿ ಪುಕ್ಕಟೆ ಸಿಗ್ತದೆ ಅಂತ ಊದಬ್ಯಾಡ್ರಲೇ, ಹೊಟ್ಟು ಎಷ್ಟೈತೆ ನೋಡ್ಕಂಡು ಊದ್ರಿ" ಎಂದ. ಆ ಕರ್ರಗಿನ ಮಂಡಕ್ಕಿಯನ್ನೆಲ್ಲ ನಮ್ಮ ಜೇಬಿಗೇ ತುಂಬಿಸಿ ಕಳಿಸಿದ. ಅವ್ವನಿಗೆ ಏನು ಹೇಳಿದೆ ಎನ್ನುವುದು ಇಲ್ಲಿ ಬೇಡ.

ಮುಂದೆ ನಾನು ಎಂಜಿನಿಯರ್ ಆದದ್ದೂ ಹೆಚ್ಚುಕಡಿಮೆ ಭಟ್ಟಿಯ ಕೆಲಸಕ್ಕೇ. ಲೋಹ ಕಡಿಯುವ ಮೆಷಿನ್ನುಗಳಲ್ಲಿ ಟೂಲ್ ಸುಡದಂತೆ ಹಾಲಿನ ಬಣ್ಣದ ಕೂಲೆಂಟ್ ಸುರಿಯುತ್ತಿರುತ್ತದಲ್ಲ, ಅದನ್ನು ಒತ್ತಿ ಕಳಿಸುವ ಪಂಪುಗಳನ್ನು ಮಾಡುವ ಕಾರ್ಖಾನೆ ನಮ್ಮದು. ಸುರಿಯುವುದು ಸ್ವಲ್ಪ ಕಡಿಮೆಯಾದರೂ ಟೂಲ್ ಹೊಗೆಯಾಡುತ್ತದೆ, ಗಿರಾಕಿ ಫೋನು ಮಾಡುತ್ತಾನೆ. ಹೀಗಾಗಿ ಏನನ್ನಾದರೂ ಸರಬರಾಜು ಮಾಡುವ ವಿಷಯ ಬಂದರೆ ನನಗೆ ಎಲ್ಲಿಲ್ಲದ ಹುರುಪು. ಮದುವೆಮನೆಯಲ್ಲಿ ಸಹ ನಾನು ಪಂಪಿನ ಬಗ್ಗೆ ಮಾತು ತೆಗೆಯುತ್ತೇನೆಂದು ವೀಣಾ ನನ್ನನ್ನು ಹೆಣ್ಣಿನ ಕಡೆಯವರ ಹತ್ತಿರ ಕೂರಲು ಬಿಡುವುದಿಲ್ಲ.

ಅಲ್ತಾಫನಿಗೆ ನಾನು ಪಾಠ ಶುರುಮಾಡಿದೆ. ಆ ಕಾರಿನ ಪೆಟ್ರೋಲ್ ಪಂಪು ಎಂಜಿನ್ನಿಗೇ ಜೋತುಬಿದ್ದ ಒಂದು ಬಡಪಾಯಿ ಯಂತ್ರ. ಮಾವನವರು ಹೋಗುತ್ತಿದ್ದ ವೇಗಕ್ಕೆ ಅದು ಧಾರಾಳವಾಗಿತ್ತು, ನೈಟ್ರಸ್ಸಿನ ಹಸಿವಿಗೆ ಯಾವ ಮೂಲೆಗೂ ಸಾಲದು. ಬಾಟಲಿಯ ಅನಿಲ ಬರುವ ಜಾಗದಲ್ಲಿಯೇ ಪೆಟ್ರೋಲೂ ಸಿಂಪಡಿಸಬೇಕು, ಆ ಪೆಟ್ರೋಲಿಗೆಂದೇ ಬೇರೆ ಎಲೆಕ್ಟ್ರಿಕ್ ಪಂಪು ಬೇಕು, ಟ್ಯಾಂಕಿನಿಂದಲೇ ಬೇರೆ ಪೈಪು ಬರಬೇಕು, ಅದಕ್ಕೆ ಬೇರೆ ಫಿಲ್ಟರು. ಅಲ್ತಾಫ್ ಹೂಂ ಎನ್ನುತ್ತ ಬೀಡಾ ಜಗಿಯುತ್ತಿದ್ದ. ಟ್ಯಾಂಕು ಬಿಚ್ಚಿಸಿದೆ. ಕಾರು ಸದಾ ಗ್ಯಾಸಿನಲ್ಲೇ ಓಡುತ್ತಿದ್ದುದರಿಂದ ಅದರಲ್ಲಿದ್ದ ಚೂರು ಪೆಟ್ರೋಲು ಹಳತಾಗಿ, ಬಣ್ಣ ತಿರುಗಿ, ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ತಳದಲ್ಲಿ ತುಕ್ಕಿನ ಗಸಿ. ಅದನ್ನೆಲ್ಲ ತೊಳೆಸಿ ಒಣಗಿಸಿದೆವು.

ಆಮೇಲೆ ಅಳೆಯುವ ಕೆಲಸ. ಮನೆಯಿಂದ ವೀಣಾಳ ಸ್ಟೀಲ್ ಚೊಂಬೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಪಂಪು ಓಡಿಸಿ, ಪೈಪಿನ ತುದಿಯನ್ನು ಚೊಂಬಿಗೆ ಹಿಡಿದು, ಗಡಿಯಾರ ನೋಡುತ್ತ ಎಷ್ಟು ತುಂಬುತ್ತದೆಂದು ಲೆಕ್ಕ ಹಾಕಿದೆ. ಪೈಪಿನ ಬಾಯಿ ಮುಚ್ಚಿ ಒತ್ತಡ ನೋಡಿದರೆ ಯಾವ ಪಂಪಾದರೂ ಶೂರನ ಹಾಗೆ ಮೀಟರಿನ ಮುಳ್ಳು ಎತ್ತಿ ತೋರಿಸುತ್ತದೆ. ಪೆಟ್ರೋಲು ಹರಿಯುತ್ತಿರುವಾಗ ಆ ಮುಳ್ಳು ಎಲ್ಲಿ ನಿಲ್ಲುತ್ತದೆ ಎನ್ನುವುದೇ ಮುಖ್ಯ. ನನ್ನ ಪಂಪಿನ ಮುಳ್ಳು ಪೆಟ್ರೋಲು ಹರಿಯುವಾಗಲೂ ಅಲುಗದೆ ನಿಂತಿತು. ಆ ದಿನ ಗ್ಯಾರೇಜಿನಲ್ಲಿ ನನಗಿಂತ ಸುಖಿಯಾದ ಮನುಷ್ಯ ಇರಲಿಲ್ಲ. ಚೊಂಬು ಮಾತ್ರ ಮತ್ತೆ ನೀರು ಕುಡಿಯಲು ಬಾರದಂತಾಯಿತು.

ಎರಡು ಸಣ್ಣ ವಿಷಯ ಉಳಿದಿದ್ದವು. ಪೆಟ್ರೋಲಿನ ಒತ್ತಡ ಕುಸಿದರೆ ನೈಟ್ರಸ್ಸನ್ನು ತಾನಾಗಿ ನಿಲ್ಲಿಸುವ ಒಂದು ಪುಟ್ಟ ಸಾಧನವಿದೆ, ಅದು ಬೇಕು ಎಂದೆ. "ತರಿಸ್ಬೇಕು ಸಾರ್, ಟೈಮ್ ಆಗುತ್ತೆ" ಎಂದ ಅಲ್ತಾಫ್. ಇರಲಿ ಬಿಡು, ಪಂಪು ಆಯ್ದು ತಂದವನು ನಾನು, ಅದು ನಿಲ್ಲುವ ಪೈಕಿ ಅಲ್ಲ ಎಂದು ನಾನೂ ಬಿಟ್ಟುಬಿಟ್ಟೆ. ಇನ್ನೊಂದು, ಪಂಪಿಗೆ ಕರೆಂಟ್ ಎಲ್ಲಿಂದ ಕೊಡುವುದು ಎನ್ನುವುದು. ಅಲ್ತಾಫ್ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಪೆಟ್ರೋಲ್ ಕಡೆಯ ವೈರಿನಿಂದ ಎಳೆದುಕೊಟ್ಟ. ಗಾಡಿ ಗ್ಯಾಸಿನಲ್ಲಿರುವಾಗ ಪಂಪು ಸುಮ್ಮನೆ ಓಡಿ ಬ್ಯಾಟರಿ ತಿನ್ನುವುದು ಬೇಡವಲ್ಲ ಎಂದು ನಾನು ಮೆಚ್ಚಿ ತಲೆಯಾಡಿಸಿದೆ. ನನಗೆ ಆಗಲೇ ಮಾವನವರ ಗಾಳಿ ಸೋಕಿತ್ತು ಎಂದು ಈಗ ಅನಿಸುತ್ತದೆ.

ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆಯಿದ್ದರೆ ಕಾರು ಜಿಗಿದಾಗ ಅದೆಲ್ಲ ಹಿಂದಕ್ಕೆ ಸರಿದು ಪೈಪು ಗಾಳಿ ಹೀರುತ್ತದೆ. ಹಾಗಾಗಿ ಟ್ಯಾಂಕು ತುಂಬಿಸಿದೆ. ಮರುದಿನ ಮಾವನವರು ಕಾರಿನಲ್ಲಿ ಕೂತವರೇ ಮೀಟರಿನ ಕಡೆ ಬಗ್ಗಿ ನೋಡಿ, "ಪೆಟ್ರೋಲ್ ಮುಳ್ಳು ಮೇಲಕ್ಕೆ ಹೋಗೈತಲ್ರೀ. ಮೀಟರ್ ಕೆಟ್ಟಿರಬೇಕು, ತೋರಿಸ್ರಿ ಯಾರಿಗಾದ್ರೂ" ಎಂದರು. ಅವರು ಆ ಕಾರು ಕೊಂಡ ಮೇಲೆ ಆ ಮುಳ್ಳು ಅಷ್ಟು ಎತ್ತರ ಏರಿದ್ದನ್ನು ನೋಡಿರಲೇ ಇಲ್ಲ. ತೋರಿಸುತ್ತೇನೆ ಎಂದೆ.

ನೈಟ್ರಸ್ ಬಾಟಲಿಯನ್ನು ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರಿನ ಹಿಂದೆ ಕೂರಿಸಿ ಮೇಲೆ ಹಳೆಯ ಜಮಖಾನ ಹೊದಿಸಿದ್ದೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಆಯುಧಪೂಜೆಯ ದಿನ ಮಾವನವರು ಮುಂದೆ ಬಾನೆಟ್ಟಿಗೆ ವಿಭೂತಿ ಹಚ್ಚುತ್ತಿದ್ದಾಗ, ಹಿಂದೆ ವೀಣಾ ತಟ್ಟೆ ಹಿಡಿದು ಡಿಕ್ಕಿ ತೆರೆದಳು. ಜಮಖಾನ ಸರಿಸಿ ದೊಡ್ಡ ಸಿಲಿಂಡರಿಗೆ ಮೂರು ಗೆರೆ, ಚಿಕ್ಕ ಬಾಟಲಿಗೆ ಮೂರು ಗೆರೆ ಎಳೆದು, ಎರಡಕ್ಕೂ ಒಂದೊಂದು ಚೆಂಡು ಹೂ ಇಟ್ಟಳು. ನಾನು ಬಾನೆಟ್ಟಿನ ಹತ್ತಿರವಿದ್ದ ಮಾವನವರ ಕಡೆ ನೋಡಿದೆ.

"ಅಪ್ಪಾಜಿಗೆ ಹೇಳಲ್ಲ ರೀ," ಎಂದಳು ಮೆಲ್ಲಗೆ. "ಮೊದ್ಲು ನನ್ನ ಚೊಂಬೆಲ್ಲಿ ಹೇಳಿ."

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಎಲ್ಲರೂ ಆನೇಕಲ್ ಕಡೆಗೆ ಹೊರಟೆವು. ಮಾವನವರಿಗೆ ಒಂದು ಸೈಟು ನೋಡುವ ಮನಸ್ಸಿತ್ತು. ನನಗೆ ಪರಿಚಯದವರೊಬ್ಬರು ಅಲ್ಲಿ ಹೊಸ ಲೇಔಟ್ ಮಾಡಿದ್ದರು. ಆ ಕಾಲದ ಲೇಔಟುಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಬಾಗಿಲಿಗೆ ಎರಡು ಸಿಮೆಂಟ್ ಆನೆಗಳ ಕಮಾನು, ಒಳಗೆ ಒಂದೂ ಮನೆಯಿಲ್ಲ, ಬಿಳಿ ಬಣ್ಣದ ಮೂಲೆಕಲ್ಲುಗಳು, ನಡುವೆ ಕಣ್ಣು ಹಾಯುವಷ್ಟು ದೂರ ನೆಟ್ಟಗೆ ಹೋದ ಕರಿ ಟಾರು ರಸ್ತೆ. ಆ ರಸ್ತೆಯನ್ನು ನಾನು ಮೊದಲೇ ನೋಡಿಕೊಂಡು ಬಂದಿದ್ದೆ. ಸೈಟಿನ ನೆಪ ಮಾವನವರದು, ರಸ್ತೆಯ ನೆಪ ನನ್ನದು. ರವಿಯೂ ಅವನ ಹೆಂಡತಿ ಶೋಭಾಳೂ ವೈಟ್‌ಫೀಲ್ಡಿನಿಂದ ನೇರವಾಗಿ ಅಲ್ಲಿಗೇ ಬಂದರು.

ದಾರಿಯುದ್ದಕ್ಕೂ ಮಾವನವರ ಗ್ಯಾಸಿನಲ್ಲಿಯೇ ಬಂದಿದ್ದೆವು. ಲೇಔಟಿನಲ್ಲಿ ಅವರು ಇಳಿದು ಮೂಲೆಕಲ್ಲುಗಳನ್ನು ಕೋಲಿನಿಂದ ತಟ್ಟಿ ನೋಡುತ್ತಿದ್ದಾಗ ನಾನು ಸ್ವಿಚ್ಚನ್ನು ಪೆಟ್ರೋಲಿಗೆ ತಿರುಗಿಸಿ, ಪಂಪು ಗುಂಯ್ ಎನ್ನುವುದನ್ನು ಕೇಳಿಸಿಕೊಂಡೆ. ಡಿಕ್ಕಿಗೆ ಹೋಗಿ ಬಾಟಲಿಯ ಬಾಯಿ ತಿರುಗಿಸಿದೆ. ಬಂದು ರವಿಗೆ, "ಏನು ರವಿ, ರೋಡ್ ಖಾಲಿ ಇದೆ. ಈ ಕಾರು ತಳ್ಬೇಕಾ ಬೇಡ್ವಾ ನೋಡೇಬಿಡೋಣ" ಎಂದೆ.

"ಅಣ್ಣ, ಸೀರಿಯಸ್ಸಾ?" ಎಂದ. ಪಾಪ, ಅವನಿಗೆ ನನ್ನ ಮೇಲೆ ಕನಿಕರ ಬಂತು. "ಬೇಕಾದ್ರೆ ನೀವು ಸ್ವಲ್ಪ ಮುಂದೆ ನಿಲ್ಸಿ, ನಾನು ಹಿಂದಿಂದ ಬರ್ತೀನಿ."

ಅದಕ್ಕೆ ನನಗೆ ಇನ್ನಷ್ಟು ಉರಿಯಿತು. ಜೊತೆಗೇ ನಿಲ್ಲಿಸೋಣ ಎಂದೆ. ಕಾವಲಿಗಿದ್ದ ರಾಯಚೂರು ಕಡೆಯವನೊಬ್ಬ ಬೇಲಿ ಪಕ್ಕ ಕೂತು ರೊಟ್ಟಿ ತಿನ್ನುತ್ತಿದ್ದ. ರಸ್ತೆಗೆ ಯಾರಾದರೂ ಬರುತ್ತಾರೇನಪ್ಪಾ ಎಂದು ಕೇಳಿದರೆ, "ಯಾರ್ ಬರ್ತಾರ್ರೀ ಸಾಹೇಬ್ರ, ಇಲ್ಲಿ ನಾಯಿನೂ ಬರಂಗಿಲ್ಲ" ಎಂದ.

ಮಾವನವರು ರಸ್ತೆ ಬದಿಯಲ್ಲಿ ನಿಂತು ನೋಡುತ್ತಾರೆ ಎನ್ನುವುದು ನನ್ನ ಯೋಜನೆ. ಆದರೆ ರವಿ ತನ್ನ ಕಾರಿನ ಬಾಗಿಲು ತೆರೆದು, "ಮಾವ, ಬನ್ನಿ, ಎಸಿ ಹಾಕಿದೀನಿ" ಎಂದು ಕರೆದ. ಮಾವನವರು ಎರಡೂ ಕಾರುಗಳನ್ನು ನೋಡಿದರು. ಕೋಲು ಊರಿಕೊಂಡು ನನ್ನ ಕಡೆಗೆ ಬಂದು, ಪಕ್ಕದ ಸೀಟಿನಲ್ಲಿ ಕೂತು, ಪಂಚೆ ಸರಿಮಾಡಿಕೊಂಡರು. "ನಮ್ಮ ಕಾರು ಇರೋವಾಗ ಅವರದ್ರಾಗೆ ಯಾಕ್ರೀ ಕೂರೋದು. ಮೆಲ್ಲಗೆ ಹೋಗ್ರಿ, ಅಷ್ಟೆ" ಎಂದರು. ಕಾರಿನ ಮೇಲಿನ ಮಮತೆಗೆ ಆಡಿದ ಮಾತು ಅದು ಎಂದು ಗೊತ್ತಿತ್ತು. ಆದರೂ ನನಗೆ ಬಹಳ ಸಂತೋಷವಾಯಿತು. ಸಂತೋಷದ ಹಿಂದೆಯೇ ಹೆದರಿಕೆಯೂ ಬಂತು. ಇಳಿಯಿರಿ ಎನ್ನಲು ಬಾಯಿ ಬರಲಿಲ್ಲ.

ವೀಣಾ ದೂರದಲ್ಲಿ ನಿಂತು ಸೆರಗು ಎತ್ತಿ ಹಿಡಿದಿದ್ದಳು. ಅದನ್ನು ಬಿಟ್ಟ ಕೂಡಲೇ ಹೊರಡಬೇಕು. ನಾನು ಸೆರಗನ್ನೇ ನೋಡುತ್ತಿದ್ದೆ. ಮದುವೆಯಾದ ಹೊಸದರಲ್ಲೂ ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ. ಪಕ್ಕದಲ್ಲಿ ಮಾವನವರು ಏನು ಮಾಡುತ್ತಿದ್ದಾರೆ ಎನ್ನುವುದರ ಕಡೆಗೆ ನನಗೆ ಗಮನವಿರಲಿಲ್ಲ. ಸೆರಗು ಬಿತ್ತು. ಕ್ಲಚ್ಚು ಬಿಟ್ಟೆ. ಸ್ವಲ್ಪ ದೂರ ಹೋಗಿ ಕಾರು ಒಮ್ಮೆ ಬಿಕ್ಕಳಿಸಿತು. ಗೇರು ಸರಿಯಾಗಿ ಹಾಕಲಿಲ್ಲವೇನೋ ಅಂದುಕೊಂಡೆ. ರವಿಯ ಕಾರು ಆಗಲೇ ಮುಂದೆ ಹೋಗಿತ್ತು. ಮೂರನೇ ಗೇರಿಗೆ ಬಂದಾಗ ಗುಂಡಿ ಒತ್ತಿದೆ.

ಮುಂದಿನದನ್ನು ಹೇಗೆ ಹೇಳಲಿ. ಬೆನ್ನಿಗೆ ಯಾರೋ ಎರಡೂ ಕೈ ಕೊಟ್ಟು ನೂಕಿದ ಹಾಗಾಯಿತು. ಮಾವನವರ ಕೋಲು ಹಿಂದಿನ ಸೀಟಿಗೆ ಹಾರಿತು. ರವಿಯ ಕಾರು ನಮ್ಮ ಎಡಗಡೆಯಲ್ಲಿ ಮೊದಲು ಸಮಕ್ಕೆ ಬಂತು, ಆಮೇಲೆ ಹಿಂದಕ್ಕೆ ಜಾರಿತು. ಅವನ ಮುಖ ಒಂದು ಕ್ಷಣ ಕಿಟಕಿಯಲ್ಲಿ ಕಂಡಿತು, ಬಾಯಿ ತೆರೆದಿತ್ತು. ನನ್ನ ಜೀವನದಲ್ಲಿ ನಾನು ಅಷ್ಟು ಸುಖಪಟ್ಟದ್ದು ಕಡಿಮೆ. ಆ ಸುಖ ಇನ್ನೂ ಪೂರ್ತಿ ಮೈಗೆ ಹತ್ತಿರಲಿಲ್ಲ, ಬಾನೆಟ್ಟಿನೊಳಗೆ ದಬಾರ್ ಎಂದು ಸದ್ದಾಗಿ, ಕಾರು ಕುಂಟಿ, ನೀಲಿ ಹೊಗೆಯಲ್ಲಿ ಮುಳುಗಿ ನಿಂತಿತು. ಬೀಗದ ಕೈ ತಿರುಗಿಸಿ ಆರಿಸಲು ಹೋದಾಗ ಕಣ್ಣು ಸ್ವಿಚ್ಚಿನ ಮೇಲೆ ಬಿತ್ತು. ಹಸಿರು ದೀಪ ಉರಿಯುತ್ತಿತ್ತು.

ಏನಾಗಿದೆಯೆಂದು ನನಗೆ ಆ ಕ್ಷಣವೇ ತಿಳಿಯಿತು. ನಾವು ನಿಂತಿದ್ದಾಗ ಮಾವನವರು ಕೆಂಪು ದೀಪ ನೋಡಿದ್ದಾರೆ. ಬಿಸಿಯಾದ ಎಂಜಿನ್ನು ಸುಮ್ಮನೆ ಪೆಟ್ರೋಲು ಕುಡಿಯುತ್ತಿದೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಹೇಗೋ ಹಾಗೆ, ಅವರ ಕೈ ತಾನಾಗಿ ಹೋಗಿ ಸ್ವಿಚ್ಚನ್ನು ನಡುವೆ ತಂದಿದೆ, ಬಿಕ್ಕಳಿಕೆ ಬಂದೊಡನೆ ಗ್ಯಾಸಿಗೆ ಹಾಕಿದೆ. ನನ್ನ ಪಂಪು ನಿಂತಿದೆ. ನೈಟ್ರಸ್ ಮಾತ್ರ ಒಂದೇ ಸಮನೆ ನುಗ್ಗಿದೆ.

ಮಾವನವರಿಗೆ ಪೆಟ್ಟೇನೂ ಆಗಿರಲಿಲ್ಲ. ಅವರು ಇಳಿದು, ಡಿಕ್ಕಿ ತೆರೆಸಿ, ಜಮಖಾನ ಎಳೆದು, ವಿಭೂತಿ ಹಚ್ಚಿಸಿಕೊಂಡು ಕೂತಿದ್ದ ಆ ಚಿಕ್ಕ ಬಾಟಲಿಯನ್ನು ನೋಡಿದರು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಸ್ವಿಚ್ಚಿನ ವಿಷಯವೊಂದನ್ನು ಬಿಟ್ಟು. ಇದನ್ನು ದೊಡ್ಡತನ ಎಂದು ತಿಳಿಯಬೇಡಿ. ಹೊಗೆಯಾಡುತ್ತಿರುವ ಕಾರಿನ ಮುಂದೆ ನಿಂತು, ಇದು ನಿಮ್ಮ ಕೈಯಿಂದಾದದ್ದು ಎಂದು ಮಾವನಿಗೆ ಹೇಳುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಅಲ್ಲಿಂದ ಮುಂದೆ ಅವರು ನನ್ನ ಜೊತೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದರು. "ನಿನ್ ಗಂಡಗೆ ಊಟಕ್ಕೆ ಬರಾಕೆ ಹೇಳು," "ನಿನ್ ಗಂಡಂದು ಪೇಪರ್ ಓದಿ ಆಯ್ತಾ ಕೇಳು" ಎಂದು ನಾನು ಎದುರಿಗೆ ಕೂತಿರುವಾಗಲೇ ವೀಣಾಳಿಗೆ ಹೇಳುತ್ತಿದ್ದರು. ವೀಣಾ ಅದನ್ನು ನನಗೆ ಇನ್ನೊಮ್ಮೆ ಹೇಳುತ್ತಿದ್ದಳು, ಸ್ವಲ್ಪ ಸೇರಿಸಿ. ಎಂಜಿನ್ ಬಿಚ್ಚಿದಾಗ ಮೂರನೇ ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತಿತ್ತು. ರವಿ ನೋಡಲು ಬಂದು, "ಫ್ಯೂಯಲ್ ಸಾಕಾಗಿಲ್ಲ ಅಣ್ಣ. ನಿಮ್ಮ ಲೆಕ್ಕ ಎಲ್ಲೋ ಮಿಸ್ ಹೊಡೀತು ಅನ್ಸುತ್ತೆ" ಎಂದ. ಆಮೇಲೆ ಎಲ್ಲಿ ಸಿಕ್ಕರೂ ಅದೇ. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸಬೇಕಾದರೆ, "ಅಣ್ಣನ್ನ ಕರೀಬೇಡಿ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ರೇಸು ಸೋತದ್ದಕ್ಕೆ ನನಗೆ ಅಷ್ಟು ಬೇಸರವಾಗಲಿಲ್ಲ. ಪೆಟ್ರೋಲಿನ ಲೆಕ್ಕ ತಪ್ಪಿತು ಎನ್ನುತ್ತಿದ್ದರಲ್ಲ, ಅದು ನೋಯುತ್ತಿತ್ತು. ನಾನು ಜಂಭಪಡಬಹುದಾದದ್ದು ಈ ಭೂಮಿಯ ಮೇಲೆ ಅದೊಂದೇ ಇತ್ತು.

ಕಾರು ರಿಪೇರಿಯಾದ ದಿನ ಮಾವನವರೂ ಗ್ಯಾರೇಜಿಗೆ ಬಂದರು. ನೈಟ್ರಸ್ ಸಾಮಾನೆಲ್ಲ ಬಿಚ್ಚಿಟ್ಟಾಗಿತ್ತು. ಅಲ್ತಾಫ್ ಡ್ಯಾಶ್‌ಬೋರ್ಡಿನ ಕೆಳಗೆ ಉಳಿದಿದ್ದ ಒಂದು ಕೆಂಪು ವೈರನ್ನು ಎಳೆಯುತ್ತಿದ್ದ. ವೈರು ಕಂಡರೆ ಮಾವನವರು ಸುಮ್ಮನಿರುವವರಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿದರು.

"ಇದು ಎಲ್ಲಿಗೆ ಹೋಗ್ತದೆ?"

"ಸಾರ್ ಹಾಕ್ಸಿದ್ರಲ್ಲ ಪೆಟ್ರೋಲ್ ಪಂಪ್, ಅದಕ್ಕೆ ಸಾರ್. ಈ ಸ್ವಿಚ್ ಪೆಟ್ರೋಲಲ್ಲಿದ್ರೆ ಪಂಪ್ ಚಾಲು."

"ಗ್ಯಾಸಿಗೆ ಹಾಕಿದ್ರೆ?"

"ಪಂಪ್ ಬಂದ್."

"ಆ ಬಾಟಲಿ?"

"ಅದಕ್ಕೆ ಬೇರೆ ಬಟನ್ ಸಾರ್. ಅದು ಬರ್ತಾನೇ ಇರುತ್ತೆ."

ಮಾವನವರು ವೈರಿನ ಮೇಲೆ ಬೆರಳಿಟ್ಟು ಅದು ಹೋಗುವವರೆಗೂ ಹೋದರು. ಅಲ್ಲಿಂದ ವಾಪಸು ಸ್ವಿಚ್ಚಿನವರೆಗೆ ಬಂದರು. ಕನ್ನಡಕ ತೆಗೆದು ನನ್ನ ಮುಖ ನೋಡಿದರು. ನಾನು ಗ್ಯಾರೇಜಿನ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಮನೆಗೆ ಹೊರಟೆವು. ಎಂಜಿನ್ ಬಿಸಿಯಾಯಿತು, ಮಾಮೂಲಿ ಜಾಗವೂ ದಾಟಿತು. ಅವರು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಮನೆ ಬರುವವರೆಗೂ ಪೆಟ್ರೋಲಿನಲ್ಲಿಯೇ ಬಂದೆವು.

ಮರುವರ್ಷದ ಯುಗಾದಿ ರವಿಯ ಮನೆಯಲ್ಲಿ. ಶೋಭಾ ಹೋಳಿಗೆ ಮಾಡಿದ್ದಳು. ಎಲ್ಲರೂ ಊಟಕ್ಕೆ ಕೂತಿದ್ದೆವು. ವೀಣಾ ನನ್ನ ಹೋಳಿಗೆಯ ಮೇಲೆ ತುಪ್ಪ ಬಿಡುತ್ತಿದ್ದಳು. ರವಿ ನಗುತ್ತ, "ಅಕ್ಕಾ, ನೋಡ್ಕೊಂಡು ಹಾಕಿ. ಅಣ್ಣನಿಗೆ ಎಷ್ಟು ಬೇಕು ಅಂತ ಲೆಕ್ಕ ಸಿಗಲ್ಲ" ಎಂದ. ಶೋಭಾ ನಕ್ಕಳು. ನಾನೂ ಎಂದಿನಂತೆ ನಗಲು ಬಾಯಿ ತೆರೆದೆ.

"ರವಿಯವರೇ," ಎಂದರು ಮಾವನವರು. ಧ್ವನಿ ಏರಿರಲಿಲ್ಲ, ಆದರೆ ಎಲ್ಲರೂ ಅವರ ಕಡೆ ತಿರುಗಿದರು. "ಇವ್ರ ಲೆಕ್ಕ ಸರಿ ಇತ್ತು. ಪಂಪಿನ ಕರೆಂಟ್ ತೆಗೆದೋನು ನಾನು. ಕೂತಲ್ಲೇ ಗ್ಯಾಸಿಗೆ ಹಾಕಿಬಿಟ್ಟೆ."

ಅವರೇ ಮುಂದುವರಿಸಿದರು. "ಲೈನಿನ ಮೇಲೆ ಆಳು ಐದಾನೋ ಇಲ್ಲೋ ಕೇಳದೆ ಸರ್ವೀಸಿನಾಗೆ ಒಂದು ದಿನಾನೂ ಸ್ವಿಚ್ ಮುಟ್ಟಿದೋನಲ್ಲ ನಾನು. ಅವತ್ತು ಕೇಳ್ಲಿಲ್ಲ. ಇವ್ರಿಗೆ ಅವತ್ತೇ ಗೊತ್ತಾಗೈತೆ. ನೀವೆಲ್ಲ ಇಷ್ಟು ದಿನ ನಕ್ಕರೂ ಬಾಯಿ ಬಿಟ್ಟಿಲ್ಲ."

ತುಪ್ಪಕ್ಕೆ ಸಾಕು ಎನ್ನುವುದು ನನಗೆ ಮರೆತೇಹೋಯಿತು. ವೀಣಾ ಬೇಡವೆನ್ನುವವರೆಗೂ ಬಿಡುವವಳು, ತಟ್ಟೆ ತುಂಬುತ್ತಿತ್ತು. ರವಿ ಎದ್ದುನಿಂತು, "ಸಾರಿ ಅಣ್ಣ, ನಂಗೆ ಗೊತ್ತಿರ್ಲಿಲ್ಲ" ಎಂದ. ಹೇಳಿದೆನಲ್ಲ, ಅವನಲ್ಲಿ ಬೈಯುವಂಥದ್ದೇನೂ ಇಲ್ಲ.

"ಅದಿರ್ಲಿ," ಎಂದರು ಮಾವನವರು. "ನೀವು ಪಕ್ಕದಾಗೆ ಇದ್ರಿ, ಸರಿಯಾಗಿ ಹೇಳ್ರಿ. ಎಂಜಿನ್ ಒಡೆಯಾಕೆ ಮುಂಚೆ ಯಾರು ಮುಂದೆ ಇದ್ರು?"

ರವಿ ನನ್ನ ಕಡೆ ನೋಡಿದ. "ಅಣ್ಣನೇ ಮುಂದಿದ್ರು, ಮಾವ. ನನ್ ಗಾಡಿ ಪೂರ್ತಿ ಹಿಂದೆ ಬಿದ್ದಿತ್ತು."

ಮಾವನವರು ಹೋಳಿಗೆಯ ತುಂಡೊಂದನ್ನು ಮುರಿದು, ತುಪ್ಪದಲ್ಲಿ ಅದ್ದಿಕೊಂಡರು.

"ಅಣ್ಣ ಒಬ್ರೇ ಅಲ್ರೀ," ಎಂದರು. "ನಾನೂ ಇದ್ದೆ."